ಎರೆ ಭೂಮಿಯಲ್ಲಿ ಬತ್ತಳಿಕೆ ಮರ

ಕಲಬುರಗಿಯ ನಮ್ಮ ಮನೆಯ ಹಿತ್ತಲಿನಲ್ಲಿ ಎರಡು ಮರ ಲೋಳೆಸರಗಳಿವೆ. ಒಂದು ನೆಲದಲ್ಲಿದೆ, ಇನ್ನೊಂದು ಕುಂಡದಲ್ಲಿದೆ. ಮೊದಲ ಸಸಿಯನ್ನು ತಂದ ದಿನ ಅವ್ವ ಅದರ ಎಲೆಯನ್ನು ಮುಟ್ಟಿ ನೋಡಿ, "ಬಾಗಲಿಗಿ ಕಟ್ಟೋ ಲೋಳೆಸರ ಮರ ಆಗ್ತದೇನು?" ಎಂದು ಕೇಳಿದ್ದಳು. ದೃಷ್ಟಿ ತಾಗದಿರಲೆಂದು ತಲೆಬಾಗಿಲಿಗೆ ಬೇರು ಮೇಲಾಗಿ ತೂಗುಹಾಕಿದ ಲೋಳೆಸರ ಮಣ್ಣು ನೀರುಗಳಿಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುವುದನ್ನು ನಾವೆಲ್ಲ ಕಂಡಿದ್ದೇವೆ; ಅದೇ ಬಳಗದ ಸಸ್ಯವೊಂದು ದಕ್ಷಿಣ ಆಫ್ರಿಕಾದಲ್ಲಿ 18 ಮೀಟರ್‌ವರೆಗೂ ಬೆಳೆಯುತ್ತದೆ ಎಂದರೆ ಥಟ್ಟನೆ ನಂಬುವುದು ಕಷ್ಟ.

ಅಷ್ಟು ಎತ್ತರ ಬೆಳೆಯುವುದು ಅಲೋಯ್‌ಡೆಂಡ್ರಾನ್ ಬಾರ್ಬರೇ. ಅದನ್ನು ಸಂಗ್ರಹಿಸಿ ಇಂಗ್ಲೆಂಡಿಗೆ ಕಳುಹಿಸಿದ ಮೇರಿ ಎಲಿಜಬೆತ್ ಬಾರ್ಬರ್ ಅವರ ಹೆಸರನ್ನು 1874ರಲ್ಲಿ ಅದಕ್ಕೆ ಇಡಲಾಯಿತು. ಕುಂಡದಲ್ಲಿರುವುದು ಅಲೋಯ್‌ಡೆಂಡ್ರಾನ್ ಡೈಕಾಟಮಮ್, ನಮೀಬಿಯಾ ಮತ್ತು ದಕ್ಷಿಣ ಆಫ್ರಿಕಾದ ಒಣ ಬಂಡೆನಾಡಿನದು. ಅಲ್ಲಿಯ ಸಾನ್ ಜನರು ಅದರ ಕೊಂಬೆಯೊಳಗಿನ ಮೆತ್ತನೆಯ ತಿರುಳನ್ನು ತೆಗೆದು ಬಾಣಗಳನ್ನಿಡುವ ಬತ್ತಳಿಕೆ ಮಾಡಿಕೊಳ್ಳುತ್ತಿದ್ದರು. ಆದ್ದರಿಂದ ನಮ್ಮ ಮನೆಯಲ್ಲಿ ಅದರ ಹೆಸರು ಬತ್ತಳಿಕೆ ಮರ.

ಮರುಭೂಮಿಯ ಗಿಡವಾದ್ದರಿಂದ ನಮ್ಮ ಬಿಸಿಲಿಗೆ ಒಗ್ಗುತ್ತದೆ, ಬೇರೆ ಚಿಂತೆಯಿಲ್ಲ ಎಂದುಕೊಂಡು ಮೊದಲ ಬತ್ತಳಿಕೆ ಸಸಿಯನ್ನು ನಾನು ನೇರವಾಗಿ ಎರೆ ಮಣ್ಣಿನಲ್ಲಿ ನೆಟ್ಟೆ. ಬೇಸಿಗೆಯನ್ನು ಅದು ದಾಟಿತು, ಮಳೆಗಾಲವನ್ನು ದಾಟಲಿಲ್ಲ. ತೊಗರಿಗೆ ಹೇಳಿ ಮಾಡಿಸಿದಂಥ ನಮ್ಮ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಗಾಳಿಯಾಡಲು ಸಂದಿಯನ್ನೂ ಬಿಡದೆ ವಾರಗಟ್ಟಲೆ ಹಸಿಯನ್ನು ಹಿಡಿದಿಡುತ್ತದೆ, ಒಣಗಿದಾಗ ಬಿರಿದು ಎಳೆಯ ಬೇರುಗಳನ್ನು ಹರಿಯುತ್ತದೆ. ಭಾದ್ರಪದದ ಹೊತ್ತಿಗೆ ಕಾಂಡದ ಬುಡವನ್ನು ಒತ್ತಿದರೆ ಬೆರಳು ಒಳಗೆ ಹೋಯಿತು. ಆ ದಿನದ ಸಂಕಟ ನನಗೆ ಈಗಲೂ ನೆನಪಿದೆ.

ಆಮೇಲೆ ಬೀದರಿನ ಸೋದರಮಾವನ ಕಡೆಯಿಂದ ಕೆಂಪು ಮೊರಮ್ ತರಿಸಿದೆ. ಮೂರು ಪಾಲು ಮೊರಮ್, ಎರಡು ಪಾಲು ಶಹಾಬಾದ್ ಕಲ್ಲಿನ ಚೂರು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ಎರಡು ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ಬಾರ್ಬರೇಯನ್ನು ನೆಟ್ಟೆ. ಅದು ಬೇಸಿಗೆಯ ಮಳೆ ಬೀಳುವ ಸೀಮೆಯಿಂದ ಬಂದದ್ದಾದ್ದರಿಂದ, ಬುಡದಲ್ಲಿ ನೀರು ನಿಲ್ಲದಿದ್ದರೆ ಸಾಕು, ನಮ್ಮ ಮುಂಗಾರು ಅದಕ್ಕೆ ಹಿತವೇ ಆಗಿದೆ. ಬತ್ತಳಿಕೆ ಮರದ ಮಾತು ಬೇರೆ. ಅದು ಹೆಚ್ಚಾಗಿ ಚಳಿಗಾಲದಲ್ಲಿ ಬೆಳೆಯುವಂಥದ್ದು; ಆದ್ದರಿಂದ ನಾನು ಎರಡನೆಯ ಸಸಿಯನ್ನು ಕುಂಡದಿಂದ ಇಳಿಸಲೇ ಇಲ್ಲ.

ಇಲ್ಲಿಯ ಬೇಸಿಗೆಯಲ್ಲಿ ಹಗಲಿನ ಬಿಸಿಲಿಗಿಂತ ರಾತ್ರಿಯ ಸೆಕೆಯೇ ಇವುಗಳಿಗೆ ಕಠಿಣವೆಂದು ನನಗನಿಸುತ್ತದೆ. ಈ ಗಿಡಗಳು ನೀರುಳಿಸಲು ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಾದ ಮೇಲೆ ತೆರೆದು ಉಸಿರಾಡುತ್ತವೆ. ನಡುರಾತ್ರಿಯಲ್ಲೂ ಛಾವಣಿ ಕಾದೇ ಇರುವ ವೈಶಾಖದಲ್ಲಿ ಅವು ಬೆಳೆಯುವುದನ್ನೇ ನಿಲ್ಲಿಸುತ್ತವೆ, ಎಲೆಯ ತುದಿ ಕೆಂಪಗಾಗುತ್ತದೆ. ಆಗ ಕನಿಕರಪಟ್ಟು ನೀರು ಸುರಿಯಬಾರದು. ವಾರಕ್ಕೊಮ್ಮೆ ಸಂಜೆ ಒಂದು ಚೊಂಬು ಸಾಕು. ಎಲೆಗಳ ಸಂದಿಯಲ್ಲಿ ಹಿಟ್ಟು ತಿಗಣೆ ಕಂಡರೆ ಬೇವಿನ ಎಣ್ಣೆಯನ್ನು ಹೊತ್ತಿಳಿದ ಮೇಲೆ ಹಚ್ಚುತ್ತೇನೆ.

ನೋಡಬಂದವರು ಹೂವು ಎಲ್ಲಿ ಎಂದು ಕೇಳುತ್ತಾರೆ. ಬತ್ತಳಿಕೆ ಮರ ತನ್ನ ಹಳದಿ ಹೂವನ್ನು ತೋರಲು ಇಪ್ಪತ್ತು ವರ್ಷ ದಾಟಬೇಕು. ನನಗೆ ಕಾಂಡವೇ ಸಾಕಾಗಿದೆ. ನಮ್ಮ ಜೋಳದಂತೆ, ತೆಂಗಿನಂತೆ ಇದೂ ಏಕದಳ ಸಸ್ಯ. ಆದರೆ ತೆಂಗಿಗಿಲ್ಲದ ಶಕ್ತಿಯೊಂದು ಇದಕ್ಕಿದೆ. ಇದರ ಕಾಂಡ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಲೇ ಹೋಗುತ್ತದೆ, ಹಾಗೆ ದಪ್ಪವಾದರೂ ಬೇವಿನ ದಿಮ್ಮಿಯಲ್ಲಿ ಕಾಣುವಂಥ ಉಂಗುರಗಳು ಒಳಗೆ ಮೂಡುವುದಿಲ್ಲ, ಆದ್ದರಿಂದ ಕಡಿದು ನೋಡಿದರೂ ವಯಸ್ಸು ತಿಳಿಯದು. ಕೊಂಬೆಗಳ ಮೇಲೆ ಸುಣ್ಣ ಬಳಿದಂತೆ ಕಾಣುವ ಬಿಳಿ ಪುಡಿ ಬಿಸಿಲನ್ನು ಹಿಂದಕ್ಕೆ ಹೊಡೆಯುತ್ತದೆ. ಬರ ತೀರಾ ಕಠೋರವಾದರೆ ಮರ ತನ್ನದೇ ಕೊಂಬೆಯನ್ನು ಕಳಚಿ ಕೆಡವಿ, ಗಾಯವನ್ನು ಮುಚ್ಚಿಕೊಂಡು ಉಳಿದ ಭಾಗವನ್ನು ಬದುಕಿಸಿಕೊಳ್ಳುತ್ತದೆ. ಅಂಥ ಮರವೂ ತನ್ನ ತವರಿನ ಉತ್ತರದ ಬಿಸಿ ಅಂಚಿನಲ್ಲಿ ಹೆಚ್ಚೆಚ್ಚು ಸಾಯುತ್ತಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಆದ್ದರಿಂದ ಸಸಿ ಕೊಳ್ಳುವವರು ಕಾಡಿನಿಂದ ಕಿತ್ತು ತಂದದ್ದನ್ನು ಮುಟ್ಟದೆ, ಬೀಜದಿಂದ ಬೆಳೆಸಿದ್ದನ್ನೇ ಕೇಳಿ ಪಡೆಯಬೇಕೆಂದು ನಾನು ಕಳಕಳಿಯಿಂದ ಬೇಡಿಕೊಳ್ಳುತ್ತೇನೆ.

ಈ ಸಲದ ಮಾಘದಲ್ಲಿ ದಿಬ್ಬದ ಮೇಲಿನ ಬಾರ್ಬರೇಯ ತುದಿ ಮೊದಲ ಬಾರಿಗೆ ಎರಡಾಗಿ ಕವಲೊಡೆಯಿತು. ಅವ್ವ ಈಗ ಬೆಳಿಗ್ಗೆ ತುಳಸಿಗೆ ನೀರು ಹಾಕಿ ಬರುವಾಗ ಅದರ ಬಳಿ ನಿಂತು ಎರಡೂ ಕವಲುಗಳ ಎಲೆ ಎಣಿಸುತ್ತಾಳೆ. ಮಿರಗ, ಅಂದರೆ ಮೃಗಶಿರಾ ಮಳೆ ಕೂಡಲು ಇನ್ನು ಹದಿನೈದು ದಿನವಿದೆ. ಅಷ್ಟರೊಳಗೆ ಬತ್ತಳಿಕೆ ಮರದ ಕುಂಡವನ್ನು ಪಡಸಾಲೆಯೊಳಗೆ ಸರಿಸಬೇಕು.