ವಕೀಲರು ಹಾಸಿಗೆ ಹಿಡಿದಾಗ ದುಡ್ಡೂ ಬೇಕು, ಡೇಟೂ ನೋಡಬೇಕು

ನಮ್ಮಂಥ ತಾಲ್ಲೂಕು ಕೋರ್ಟುಗಳಲ್ಲಿ ಯಾರಾದರೂ ವಕೀಲರು ಹುಷಾರು ತಪ್ಪಿ ಆಸ್ಪತ್ರೆ ಸೇರಿದರೆ ಮೊದಲು ಆಗುವ ಕೆಲಸ ಒಂದೇ. ಬಾರ್ ರೂಮಿನಲ್ಲಿ, ಅಂದರೆ ವಕೀಲರ ಸಂಘದ ಕೊಠಡಿಯಲ್ಲಿ, ಒಂದು ಹಾಳೆ ಓಡಾಡುತ್ತದೆ. ಸೀನಿಯರ್‌ಗಳು ಐದು ಸಾವಿರ, ಎರಡು ಸಾವಿರ ಅಂತ ಬರೆಯುತ್ತಾರೆ, ಆಮೇಲೆ ಐನೂರು, ಇನ್ನೂರು. ಈಗ ಹಾಳೆಯ ಜೊತೆಗೆ ವಾಟ್ಸಾಪ್ ಗ್ರೂಪು, ಯಾರೋ ಒಬ್ಬರ ಫೋನ್‌ಪೇ ನಂಬರು. ಸಂಜೆ ಹೊತ್ತಿಗೆ ಒಂದಿಷ್ಟು ದುಡ್ಡು ಸೇರಿರುತ್ತದೆ. ಇಬ್ಬರು ಆಸ್ಪತ್ರೆಗೆ ಹೋಗಿ ಮನೆಯವರ ಕೈಗೆ ಕೊಟ್ಟು ಬರುತ್ತಾರೆ. ಬೆಳಿಗ್ಗೆ ತಾನೇ ಒಂದೇ ಕೇಸಿನಲ್ಲಿ ಎದುರುಬದುರು ನಿಂತು ಜೋರು ದನಿಯಲ್ಲಿ ವಾದ ಮಾಡಿದವರು ಸಂಜೆ ಹೀಗೆ ಒಂದಾಗುತ್ತಾರಲ್ಲ, ನಮ್ಮ ವೃತ್ತಿಯಲ್ಲಿ ನನಗೆ ಅತಿ ಹೆಚ್ಚು ಹೆಮ್ಮೆ ಕೊಡುವ ವಿಷಯ ಇದು.

ಈ ದುಡ್ಡು ನಿಜವಾಗಲೂ ಬೇಕಾಗುತ್ತದೆ. ಕರಿ ಕೋಟು ಹಾಕಿದವರೆಲ್ಲ ದುಡ್ಡಿದ್ದವರು ಅಂತ ಊರಿನವರು ಅಂದುಕೊಂಡಿರುತ್ತಾರೆ. ಆದರೆ ನಮಗೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಸಂಬಳದ ನೌಕರರಲ್ಲವಾದ್ದರಿಂದ ಇಎಸ್‌ಐ ಕೂಡ ಇಲ್ಲ. ಕೋರ್ಟಿಗೆ ಹೋದ ದಿನ ಸಂಪಾದನೆ, ಹೋಗದ ದಿನ ಸೊನ್ನೆ. 2020ರಲ್ಲಿ ಲಾಕ್‌ಡೌನ್ ಆಗಿ ಕೋರ್ಟುಗಳ ಬಾಗಿಲು ಹಾಕಿದಾಗ ಇದು ಎಲ್ಲರಿಗೂ ಒಟ್ಟಿಗೇ ಗೊತ್ತಾಯಿತು. ಸರ್ಕಾರದ ಯೋಜನೆ ಇದೆಯಲ್ಲ ಅಂತೀರಾ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ನಮ್ಮಲ್ಲಿ ಬಹಳ ಜನ ಈ ಎಪಿಎಲ್ ಲೆಕ್ಕದಲ್ಲೇ ಬರುವವರು. ಹಾಗಾಗಿ ಹಾಳೆ ಓಡಾಡಲಿ, ಓಡಾಡಲೇಬೇಕು.

ಆದರೆ ಅಲ್ಲಿಗೇ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವಲ್ಲ, ಅದರ ಬಗ್ಗೆ ನನಗೆ ತಕರಾರಿದೆ. ಹಾಸಿಗೆ ಹಿಡಿದ ವಕೀಲರಿಗೆ ದುಡ್ಡಿಗಿಂತ ಮೊದಲು ಕಾಡುವ ಚಿಂತೆ ಫೈಲುಗಳದ್ದು. ಐಸಿಯುನಿಂದ ವಾರ್ಡಿಗೆ ಬಂದ ತಕ್ಷಣ ಅವರು ಕೇಳುವ ಮೊದಲ ಮಾತು "ಇವತ್ತು ಯಾವ ಯಾವ ಕೇಸಿತ್ತು, ಯಾರು ನಿಂತರು?" ಅಂತ. ನಮ್ಮ ಬಾರಿನ ಹಿರಿಯರೊಬ್ಬರಿಗೆ ಲಕ್ವ ಹೊಡೆದಾಗ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಆದರೂ ಕೈಸನ್ನೆಯಲ್ಲಿ ಡೈರಿ ತರಿಸಿಕೊಂಡು ಪುಟ ತಿರುವಿ ಬೆರಳಿಟ್ಟು ತೋರಿಸುತ್ತಿದ್ದರು. ನೋಡಲು ಹೋದವರಿಗೆ ಹಣ್ಣಿನ ಚೀಲ ಎಲ್ಲಿಡಬೇಕು ಅಂತ ತೋಚದೆ ಸುಮ್ನೆ ನಿಂತುಬಿಟ್ಟೆವು.

ಯಾಕೆಂದರೆ ಕೋರ್ಟಿನ ಲೆಕ್ಕ ನಮ್ಮ ಆರೋಗ್ಯ ನೋಡಿಕೊಂಡು ನಡೆಯುವುದಿಲ್ಲ. ಸಮನ್ಸ್ ಜಾರಿಯಾದ ಮೇಲೆ 30 ದಿನದಲ್ಲಿ ತಕರಾರು, ಅಂದರೆ ಪ್ರತಿವಾದಿಯ ಲಿಖಿತ ಉತ್ತರ, ಹಾಕಬೇಕು, ಕೋರ್ಟು ಮನಸ್ಸು ಮಾಡಿದರೆ 90 ದಿನದವರೆಗೆ. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು, ಅದು ಮುಟ್ಟಿದ ಮೇಲೆ ದುಡ್ಡು ಕಟ್ಟಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು. ದೂರು ತಡವಾದರೆ ಕಾರಣ ಹೇಳಿ ಅರ್ಜಿ ಹಾಕಬಹುದು. ನೋಟಿಸೇ ತಡವಾದರೆ ಆ ದಾರಿ ಇಲ್ಲ, ಚೆಕ್ಕಿನ ಮೂರು ತಿಂಗಳ ಅವಧಿಯೂ ಮುಗಿದಿದ್ದರೆ ಮತ್ತೆ ಬ್ಯಾಂಕಿಗೆ ಹಾಕಿಸಲೂ ಆಗುವುದಿಲ್ಲ. ವಾದಿ ಪರ ಯಾರೂ ಇಲ್ಲ ಅಂತ ದಾವೆ ಡಿಸ್ಮಿಸ್ ಆದರೆ ಮತ್ತೆ ಫೈಲಿಗೆ ತರಲು 30 ದಿನ. ಪ್ರತಿವಾದಿ ಬಾರದೆ ಏಕಪಕ್ಷೀಯವಾಗಿ ಆದ ಎಕ್ಸ್‌ಪಾರ್ಟಿ ಡಿಕ್ರಿ ರದ್ದು ಮಾಡಿಸಲೂ 30 ದಿನ. ಸಿವಿಲ್ ಕೋರ್ಟಿನ ಡಿಕ್ರಿ ಮೇಲೆ ಜಿಲ್ಲಾ ಕೋರ್ಟಿಗೆ ಅಪೀಲು ಹೋಗಲು 30, ಹೈಕೋರ್ಟಿಗೆ ಆದರೆ 90. ಕ್ರಿಮಿನಲ್ ಕೇಸಿನಲ್ಲಿ ಆರೋಪಿ ಬಂದಿಲ್ಲ, ಅವನ ಪರ ಹಾಜರಾತಿಯಿಂದ ವಿನಾಯಿತಿ ಕೇಳುವ ಇ.ಪಿ. ಅರ್ಜಿ ಹಾಕುವವರೂ ಇಲ್ಲ ಅಂದರೆ ವಾರಂಟು. ಮೂರು ವಾರ ಆಸ್ಪತ್ರೆಯಲ್ಲಿದ್ದು ಬಂದ ವಕೀಲರು ಇಂಥ ಅವಾಂತರಗಳನ್ನು ಸರಿ ಮಾಡುವುದರಲ್ಲೇ ಮುಂದಿನ ಆರು ತಿಂಗಳು ಕಳೆಯಬೇಕಾಗುತ್ತದೆ. ಅಷ್ಟರಲ್ಲಿ ಕಕ್ಷಿದಾರರು ಬೇರೆ ಕಡೆ ಹೋಗಿರುತ್ತಾರೆ. ನಾವು ಕೊಟ್ಟ ಐವತ್ತು ಸಾವಿರ ಆಸ್ಪತ್ರೆ ಬಿಲ್ಲಿಗೆ ಹೋಯಿತು ಸರಿ, ಆದರೆ ಅವರ ಜೀವನಾಧಾರವೇ ಕಳಚಿಕೊಂಡರೆ?

ನ್ಯಾಯಾಧೀಶರು ಕಲ್ಲು ಹೃದಯದವರೇನಲ್ಲ. "ಸ್ವಾಮಿ, ವಕೀಲರು ಆಸ್ಪತ್ರೆಯಲ್ಲಿದ್ದಾರೆ" ಅಂತ ಒಬ್ಬರು ಎದ್ದು ನಿಂತು ಹೇಳಿದರೆ ಸಾಮಾನ್ಯವಾಗಿ ಒಂದು ಡೇಟು ಸಿಗುತ್ತದೆ. ಆದರೆ ಎದ್ದು ನಿಲ್ಲುವವರು ಬೇಕಲ್ಲ. ಎಲ್ಲರೂ "ಇನ್ಯಾರೋ ನೋಡಿಕೊಳ್ಳುತ್ತಾರೆ" ಅಂದುಕೊಂಡಿರುತ್ತಾರೆ. ಕೇಸು ಕೂಗಿದಾಗ ಹಾಲಿನಲ್ಲಿ ಹತ್ತು ಜನ ಸ್ನೇಹಿತರಿದ್ದರೂ ಯಾರಿಗೂ ಅದು ಅವರ ಕೇಸು ಅಂತ ಗೊತ್ತೇ ಇರುವುದಿಲ್ಲ.

ಇದಕ್ಕೆ ದಾರಿ ಏನೂ ಕಷ್ಟದ್ದಲ್ಲ. ಇ-ಕೋರ್ಟ್ಸ್ ಆಪಿನಲ್ಲಿ ವಕೀಲರ ಹೆಸರು ಅಥವಾ ಬಾರ್ ಕೌನ್ಸಿಲ್ ನೋಂದಣಿ ನಂಬರು ಹಾಕಿದರೆ ಅವರ ಹೆಸರಿನಲ್ಲಿರುವ ಕೇಸುಗಳ ಪಟ್ಟಿ ಬರುತ್ತದೆ. ಹೆಸರನ್ನು ಕೋರ್ಟಿನವರು ಎರಡು ಮೂರು ರೀತಿ ಟೈಪ್ ಮಾಡಿರುತ್ತಾರೆ, ಅದೊಂದು ನೋಡಿಕೊಳ್ಳಬೇಕು. ನಮ್ಮ ಹಿರಿಯರ ವಿಷಯದಲ್ಲಿ ಕೊನೆಗೆ ಕೆಲವರು ಸೇರಿ ಮಾಡಿದ್ದು ಇದನ್ನೇ. ಆಪಿನ ಪಟ್ಟಿ ಒಂದು ಕಡೆ, ಅವರ ಡೈರಿ ಇನ್ನೊಂದು ಕಡೆ ಇಟ್ಟುಕೊಂಡು ಅವರ ಗುಮಾಸ್ತರ ಜೊತೆ ಕೂತೆವು. ಗಡುವು ಓಡುತ್ತಿರುವ ಕೇಸುಗಳನ್ನು ಮೊದಲು ಬೇರೆ ಮಾಡಿದೆವು. ಉಳಿದವನ್ನು ಯಾರ್ಯಾರು ಯಾವ ಕೋರ್ಟಿನಲ್ಲಿ ಇರುತ್ತಾರೋ ಅವರವರಿಗೆ ಹಂಚಿದೆವು. ಇನ್ನೂ ಕೋರ್ಟಿಗೇ ಬಾರದ ಕೆಲಸ, ಅಂದರೆ ಕಳಿಸಬೇಕಾದ ನೋಟಿಸು, ಹಾಕಬೇಕಾದ ಅಪೀಲು, ಇವು ಯಾವ ಆಪಿನಲ್ಲೂ ಕಾಣುವುದಿಲ್ಲ. ಅವು ಗೊತ್ತಿರುವುದು ಗುಮಾಸ್ತರಿಗೆ ಮಾತ್ರ.

ವಕಾಲತ್ತಿನ, ಅಂದರೆ ಕೇಸು ನಡೆಸಲು ಕಕ್ಷಿದಾರರು ವಕೀಲರಿಗೆ ಬರೆದುಕೊಡುವ ಅಧಿಕಾರ ಪತ್ರದ ವಿಷಯ ಬಂದಾಗ ಸ್ವಲ್ಪ ಎಚ್ಚರ ಬೇಕು. ಎದ್ದು ನಿಂತು ಟೈಮ್ ಕೇಳುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಐಎ (ಮಧ್ಯಂತರ ಅರ್ಜಿ) ಹಾಕಬೇಕು, ರಾಜಿಗೆ ಸಹಿ ಮಾಡಬೇಕು ಅಂದರೆ ವಕಾಲತ್ತಿನಲ್ಲಿ ಹೆಸರಿರಬೇಕು. ಹೊಸ ವಕಾಲತ್ತು ಹಾಕಲು ಮೊದಲಿನವರ ಒಪ್ಪಿಗೆ ಬೇಕು, ಅವರ ಕೈಯಲ್ಲಿ ಸಹಿ ಮಾಡುವ ಶಕ್ತಿ ಇಲ್ಲದಿದ್ದರೆ ಕೋರ್ಟಿನ ಅನುಮತಿ ಕೇಳಬೇಕು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಒಬ್ಬರೇ ಆಫೀಸು ನಡೆಸುವವರು ಕಕ್ಷಿದಾರರಿಗೆ ತಿಳಿಸಿ ವಕಾಲತ್ತಿನಲ್ಲಿ ನಂಬಿಕೆಯ ಇನ್ನೊಬ್ಬರ ಹೆಸರನ್ನೂ ಸೇರಿಸಿಬಿಡಿ. ಮಳೆ ಬರುವ ಮುಂಚೆ ಹೆಂಚು ಸರಿ ಮಾಡಿದ ಹಾಗೆ. ವಕೀಲರು ತೀರಿಕೊಂಡರೆ ಅವರ ವಕಾಲತ್ತು ಅಲ್ಲಿಗೇ ಮುಗಿಯುತ್ತದೆ, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 3 ರೂಲ್ 4 ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಆಗ ಮನೆಯವರು ದುಃಖದಲ್ಲಿರುವಾಗಲೇ ಕಕ್ಷಿದಾರರು ಫೈಲು ಕೇಳಿಕೊಂಡು ಬಾಗಿಲಿಗೆ ಬರುತ್ತಾರೆ. ಫೀಸು ಬಾಕಿ ಇದೆ ಅಂತ ಫೈಲು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ, ಸುಪ್ರೀಂ ಕೋರ್ಟ್ 2000ದಲ್ಲೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಸಂಘದ ಇಬ್ಬರು ಹೋಗಿ ಕೂತು, ಪಟ್ಟಿ ಮಾಡಿ, ಸಹಿ ಪಡೆದು ಫೈಲು ಕೊಡಿಸಬೇಕು. ಬಾಕಿ ಫೀಸಿನ ಬಗ್ಗೆ ಕಕ್ಷಿದಾರರ ಹತ್ತಿರ ಅಲ್ಲೇ ಮಾತಾಡಿದರೆ ಬಹಳ ಜನ ಕೊಟ್ಟೇ ಹೋಗುತ್ತಾರೆ. ಆ ಕುಟುಂಬಕ್ಕೆ ಅದು ದಾನವಲ್ಲ, ಅವರ ಯಜಮಾನರ ದುಡಿಮೆ.

ಫೀಸಿನ ಬಗ್ಗೆ ಇನ್ನೊಂದು ಮಾತು. ಕಾಯಿಲೆ ಬಿದ್ದವರ ಕೇಸು ನಡೆಸಿದವರು ಆ ಫೀಸನ್ನು ಅವರಿಗೇ ತಲುಪಿಸುವುದು ಒಳ್ಳೆಯ ಪದ್ಧತಿ, ಇಬ್ಬರೂ ವಕೀಲರೇ ಆದ್ದರಿಂದ ಅಡ್ಡಿಯಿಲ್ಲ. ಆದರೆ ತೀರಿಕೊಂಡವರ ಮನೆಯವರ ಜೊತೆ "ಮುಂದೆ ಬರುವ ಫೀಸಿನಲ್ಲಿ ಅರ್ಧ ನಿಮಗೆ" ಅಂತ ಒಪ್ಪಂದ ಮಾಡಿಕೊಳ್ಳಬೇಡಿ. ವಕೀಲರಲ್ಲದವರ ಜೊತೆ ಫೀಸು ಹಂಚಿಕೊಳ್ಳಬಾರದು ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ ಇದೆ. ಕೊಡಬೇಕು ಅನಿಸಿದರೆ ನಿಮ್ಮ ಜೇಬಿನಿಂದ ಸಹಾಯ ಅಂತಲೇ ಕೊಡಿ. ಪೂರ್ತಿ ಫೀಸು ಮೊದಲೇ ಕಟ್ಟಿರುವ ಬಡ ಕಕ್ಷಿದಾರರಿದ್ದರೆ ಅವರಿಂದ ಮತ್ತೆ ಕೇಳದೆ ನಡೆಸಿಕೊಡಿ. ಅವರ ತಪ್ಪೇನಿದೆ?

ಇನ್ನು ಹಾಳೆಯ ವಿಷಯಕ್ಕೆ ಬರುತ್ತೇನೆ. ವೈಯಕ್ತಿಕ ಖಾತೆಗೆ ದುಡ್ಡು ಹಾಕಿಸುವುದನ್ನು ನಾವು ನಿಲ್ಲಿಸಬೇಕು. ಖಾತೆಯವರು ಎಷ್ಟೇ ಪ್ರಾಮಾಣಿಕರಾಗಿರಲಿ, ನಾಳೆ ಲೆಕ್ಕ ಕೇಳಿದರೆ ಉತ್ತರ ಹೇಳಬೇಕಾದವರು ಅವರೊಬ್ಬರೇ ಆಗುತ್ತಾರೆ. ನಮ್ಮ ಸಂಘಗಳಲ್ಲಿ ಬಹಳಷ್ಟು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ನೋಂದಾಯಿಸಿದವು. ಸಂಘದ ಹೆಸರಿನಲ್ಲಿ ಸಹಾಯಕ್ಕೇ ಅಂತ ಒಂದು ಬೇರೆ ಖಾತೆ, ಇಬ್ಬರ ಸಹಿ, ವರ್ಷದ ಸಭೆಯಲ್ಲಿ ಲೆಕ್ಕ. ಇಷ್ಟು ಸಾಕು. ಪ್ರತಿ ತಿಂಗಳು ನೂರೋ ಇನ್ನೂರೋ ಎಲ್ಲರೂ ಹಾಕುತ್ತಾ ಬಂದರೆ ಆಸ್ಪತ್ರೆಯವರು ಮೊದಲ ದಿನ ಅಡ್ವಾನ್ಸ್ ಕೇಳಿದಾಗ ಕೊಡಲು ದುಡ್ಡಿರುತ್ತದೆ. ಹಾಳೆ ತಿರುಗಿ ಬರುವುದರೊಳಗೆ ಆ ಮೊದಲ ದಿನ ಕಳೆದುಹೋಗಿರುತ್ತದೆ.

ಯಾರೆಷ್ಟು ಕೊಟ್ಟರು ಅಂತ ಗ್ರೂಪಿನಲ್ಲಿ ಹಾಕುವುದು ನನಗೆ ಸುತರಾಂ ಇಷ್ಟವಿಲ್ಲ. ಜೂನಿಯರ್‌ಗಳ ಸ್ಥಿತಿ ನಮಗೆ ಗೊತ್ತಿಲ್ಲವೇ? 2024ರ ಅಕ್ಟೋಬರ್‌ನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಜೂನಿಯರ್‌ಗಳಿಗೆ ಪಟ್ಟಣಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಸುತ್ತೋಲೆ ಕಳಿಸಿತು. ಅದು ಸಲಹೆ, ಕಡ್ಡಾಯವಲ್ಲ. ತಾಲ್ಲೂಕಿನಲ್ಲಿ ಅಷ್ಟು ಕೊಡುವ ಆಫೀಸು ಸಿಗುವುದು ಕಷ್ಟ, ಎಷ್ಟೋ ಹುಡುಗರಿಗೆ ಪೆಟ್ರೋಲ್ ಖರ್ಚೇ ಹುಟ್ಟುವುದಿಲ್ಲ. ಅಂಥವರು ಪಟ್ಟಿಯಲ್ಲಿ ತಮ್ಮ ಹೆಸರಿನ ಮುಂದೆ ಸಣ್ಣ ಮೊತ್ತ ಕಾಣುತ್ತದಲ್ಲ ಅಂತ ಸಾಲ ಮಾಡಿ ಕೊಟ್ಟಿದ್ದನ್ನು ನೋಡಿದ್ದೇನೆ. ಹಾಗೇ, ಮೂಗಿಗೆ ನಳಿಕೆ ಹಾಕಿ ಮಲಗಿರುವವರ ಫೋಟೋ ತೆಗೆದು ಗ್ರೂಪಿಗೆ ಹಾಕಬೇಡಿ. ನಾಳೆ ಅವರು ಅದೇ ಗ್ರೂಪಿನವರ ಎದುರು ಗೌನು ಹಾಕಿ ನಿಲ್ಲಬೇಕು.

ಕಕ್ಷಿದಾರರ ಹತ್ತಿರ, ಪೊಲೀಸರ ಹತ್ತಿರ, ಲೇಔಟ್ ಮಾಡುವವರ ಹತ್ತಿರ ಈ ಕಾರಣಕ್ಕೂ ಕೈಚಾಚಬಾರದು. ಕೋರ್ಟ್ ಸಿಬ್ಬಂದಿ, ನ್ಯಾಯಾಧೀಶರ ಕಡೆಗೆ ಹಾಳೆ ಹೋಗಲೇಬಾರದು. ಇವತ್ತು ಒಳ್ಳೆಯ ಮನಸ್ಸಿನಿಂದ ಕೊಟ್ಟವರು ನಾಳೆ ಯಾವುದೋ ಕೇಸಿನಲ್ಲಿ ಎದುರು ಪಕ್ಷದವರಾಗಿ ಬಂದರೆ ಎಲ್ಲರಿಗೂ ಮುಜುಗರ. ನಮ್ಮ ನಮ್ಮಲ್ಲೇ ಆಗುವಷ್ಟು ಆಗಲಿ.

ರಾಜ್ಯ ಮಟ್ಟದಲ್ಲಿ 1983ರ ಕರ್ನಾಟಕ ವಕೀಲರ ಕಲ್ಯಾಣ ನಿಧಿ ಕಾಯ್ದೆ ಇದೆ. ವಕಾಲತ್ತಿಗೆ ನಾವು ಅಂಟಿಸುವ ವೆಲ್‌ಫೇರ್ ಸ್ಟಾಂಪಿನ ದುಡ್ಡು ಹೋಗುವುದು ಅಲ್ಲಿಗೆ. ದಿನಾ ಸ್ಟಾಂಪು ಹಚ್ಚುವ ಎಷ್ಟೋ ಜನ ನಿಧಿಯ ಸದಸ್ಯರೇ ಆಗಿರುವುದಿಲ್ಲ. ವಕೀಲಿಕೆಯ ಸನ್ನದು ಸಿಕ್ಕ ಮಾತ್ರಕ್ಕೆ ಸದಸ್ಯತ್ವ ಬಂದುಬಿಡುವುದಿಲ್ಲ, ಅದಕ್ಕೆ ಬೇರೆ ಅರ್ಜಿ ಹಾಕಬೇಕು. ಇದ್ದವರಲ್ಲೂ ಕೆಲವರ ನಾಮಿನಿ ಹೆಸರು ಮದುವೆಗೆ ಮುಂಚೆ ಬರೆದಿದ್ದು, ತೀರಿಹೋದ ತಂದೆಯದ್ದು. ಸಂಘದವರು ಒಂದು ಶನಿವಾರ ಕೂತು ಎಲ್ಲರ ಕಾಗದ ಸರಿ ಮಾಡಿಸಿದರೆ ಎಷ್ಟು ಮನೆಗಳಿಗೆ ಉಪಕಾರ ಆಗುತ್ತದೆ ಅಲ್ವಾ?

ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಹೊಸ ವಕೀಲರ ನೋಂದಣಿಯ ಎನ್‌ರೋಲ್‌ಮೆಂಟ್ ಶುಲ್ಕವನ್ನು 1961ರ ವಕೀಲರ ಕಾಯ್ದೆಯಲ್ಲಿರುವಷ್ಟಕ್ಕೇ, ಅಂದರೆ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿಗೆ ಕಟ್ಟಿಹಾಕಿತು. ಹೊಸಬರ ಮೇಲಿನ ದೊಡ್ಡ ಹೊರೆ ಇಳಿಯಿತು, ಬಹಳ ಒಳ್ಳೆಯದಾಯಿತು. ಇದರಿಂದ ಕಲ್ಯಾಣದ ಕೆಲಸಕ್ಕೆ ದುಡ್ಡು ಕಡಿಮೆಯಾಗುತ್ತದೆ ಅಂತ ಕೆಲವರು ಗೊಣಗುತ್ತಾರೆ. ನಾನು ಒಪ್ಪುವುದಿಲ್ಲ. ಇನ್ನೂ ಒಂದು ರೂಪಾಯಿ ಸಂಪಾದಿಸದ ಹುಡುಗಿಯಿಂದ ಕಸಿದು ನಮ್ಮ ಮುಪ್ಪಿಗೆ ಇಟ್ಟುಕೊಳ್ಳುವುದು ಸರಿಯಲ್ಲ. ಇಪ್ಪತ್ತು ಮೂವತ್ತು ವರ್ಷ ಪ್ರಾಕ್ಟೀಸ್ ಮಾಡಿದವರು ಜಾಸ್ತಿ ಹಾಕಲಿ.

ಆಗುವುದಾದರೆ ಸಂಘದ ಹೆಸರಿನಲ್ಲಿ ಗುಂಪು ಆರೋಗ್ಯ ವಿಮೆಯನ್ನೂ ವಿಚಾರಿಸಿ. ಸದಸ್ಯರು ಜಾಸ್ತಿಯಾದಷ್ಟೂ ದರ ಮಾತಾಡಲು ಬಲ ಬರುತ್ತದೆ. ಮೊದಲೇ ಇರುವ ಕಾಯಿಲೆಗೆ ಎಷ್ಟು ದಿನ ಕಾಯಬೇಕು ಅನ್ನುವುದನ್ನು ಮಾತ್ರ ಓದದೆ ಸಹಿ ಹಾಕಬೇಡಿ.

ಕೊನೆಯದಾಗಿ ಗುಮಾಸ್ತರು. ವಕೀಲರು ಮಲಗಿದ ದಿನವೇ ಅವರ ಗುಮಾಸ್ತರ, ಟೈಪಿಸ್ಟ್ ಹುಡುಗಿಯ ಸಂಪಾದನೆಯೂ ನಿಲ್ಲುತ್ತದೆ. ಅವರಿಗಾಗಿ ಹಾಳೆ ಓಡಾಡಿದ್ದನ್ನು ನಾನು ಇನ್ನೂ ನೋಡಿಲ್ಲ. ಫೈಲುಗಳನ್ನು ಉಳಿಸಿಕೊಡುವವರು ಅವರೇ ಆಗಿರುವಾಗ, ವಕೀಲರು ಕೋರ್ಟಿಗೆ ಮರಳುವವರೆಗೆ ಸಂಘದ ಸಹಾಯದ ಖಾತೆಯಿಂದ ಅವರಿಗೂ ತಿಂಗಳಿಗೆ ಇಷ್ಟು ಅಂತ ಕೊಡಬೇಕು ಅಂತ ನಮ್ಮ ಮುಂದಿನ ಸಭೆಯಲ್ಲಿ ಲಿಖಿತವಾಗಿ ಕೇಳುತ್ತಿದ್ದೇನೆ. ನಿಮ್ಮ ತಾಲ್ಲೂಕಿನ ಸಂಘದಲ್ಲಿ ಇಂಥ ವ್ಯವಸ್ಥೆ ಈಗಾಗಲೇ ಇದ್ದರೆ ಬೈಲಾದಲ್ಲಿ ಅದನ್ನು ಹೇಗೆ ಬರೆದಿದ್ದೀರಿ ಅಂತ ದಯವಿಟ್ಟು ತಿಳಿಸಿ, ಅದನ್ನೇ ಇಟ್ಟುಕೊಂಡು ಇಲ್ಲಿ ಮಾತಾಡುತ್ತೇನೆ.