ಸೈಕಲ್ ಟ್ಯೂಬಿನಲ್ಲಿ ತೂಗಿದ ಹಾರ್ಡ್ ಡಿಸ್ಕ್

ಹಾಸನದಲ್ಲಿ ನನ್ನ ಭಾವನ ಫೋಟೊ ಸ್ಟುಡಿಯೊ ಬೇರೆ ಕಟ್ಟಡಕ್ಕೆ ಹೋಯಿತು. ಆಟೋದಲ್ಲಿ ಸಾಗಿಸಿದ ಮೇಲೆ ಕಂಪ್ಯೂಟರ್ ಗುಂಯ್ ಅನ್ನತೊಡಗಿತು. "ಫ್ಯಾನ್ ಹೋಗಿರಬೇಕು, ಸ್ವಲ್ಪ ನೋಡಪ್ಪ" ಅಂದರು ಭಾವ. ಕ್ಯಾಬಿನೆಟ್ ಮೇಲೆ ಅಂಗೈ ಒತ್ತಿದರೆ ಸದ್ದು ನಿಲ್ಲುತ್ತಿತ್ತು, ತೆಗೆದರೆ ಮತ್ತೆ ಶುರು. ನನಗೆ ಅನುಮಾನ ಬಂದಿದ್ದೇ ಅಲ್ಲಿ.

ಬಾಗಿಲು ತೆಗೆದು ನೋಡಿದರೆ, ಡಿವಿಡಿ ಡ್ರೈವ್ ಕೂರುವ ಗೂಡಿನಲ್ಲಿ ಹಾರ್ಡ್ ಡಿಸ್ಕ್ ಸುಮ್ನೆ ಮಲಗಿತ್ತು. ಒಂದು ಸ್ಕ್ರೂ ಕೂಡ ಇಲ್ಲ. ಡಿಸ್ಕಿನ ಅಗಲ ಸುಮಾರು 10 ಸೆಂ.ಮೀ., ಗೂಡಿನದು 14.6. ಹಿಡಿದಿದ್ದು ಬರೀ ಕೇಬಲ್. ಭಾವ ತೆಗೆದ ಮದುವೆ ಫೋಟೊಗಳೆಲ್ಲ ಅದರೊಳಗೇ ಇದ್ದವು.

ಮೊದಲು ಕಾಪಿ, ಆಮೇಲೆ ರಿಪೇರಿ ಅಂದೆ. ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಓದುವ-ಬರೆಯುವ ಅದರ ಹೆಡ್ ತಿರುಗುವ ತಟ್ಟೆಗೆ ತಾಗದೆ, ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತದೆ. ಓಡುವಾಗ ಒಂದು ಪೆಟ್ಟು ಬಿದ್ದರೆ ಸಾಕು, ಹೆಡ್ ತಟ್ಟೆಗೆ ತಾಗಿ ಫೋಟೊಗಳೇ ಹೋಗಬಹುದು. ಹಾಗಾಗಿ ಕರೆಂಟ್ ತೆಗೆದು, ಡಿಸ್ಕನ್ನು ಮಡಚಿದ ನ್ಯೂಸ್ ಪೇಪರ್ ಮೇಲಿಟ್ಟು, ಮತ್ತೆ ಹಾಕಿ ಎಲ್ಲವನ್ನೂ ಎಕ್ಸ್‌ಟರ್ನಲ್ ಡಿಸ್ಕಿಗೆ ಇಳಿಸಿದೆವು. ಅದು ಮುಗಿಯುವವರೆಗೆ ಆ ಮೇಜಿನ ಹತ್ತಿರ ಯಾರನ್ನೂ ಬಿಡಲಿಲ್ಲ.

ಭಾವ ಫ್ರೇಮಿಗೆ ಬಳಸುವ ಡಬಲ್ ಸೈಡ್ ಟೇಪ್ ತಂದರು. ಚಿಪ್‌ಗಳಲ್ಲೇ ಫೈಲ್ ಇಡುವ ಎಸ್‌ಎಸ್‌ಡಿ ಆಗಿದ್ದರೆ ಧಾರಾಳವಾಗಿ ಅಂಟಿಸಬಹುದಿತ್ತು. ಅದು ಹಗುರ, ಒಳಗೆ ತಿರುಗುವುದು ಏನೂ ಇಲ್ಲ. ಇದು ಸುಮಾರು ಅರ್ಧ ಕೆಜಿ, ಬಿಸಿ ಬೇರೆ ಆಗುತ್ತದೆ, ಅಂಟು ಸಡಿಲವಾಗುತ್ತದೆ. ಹಳೇ ಫಿಲ್ಮ್ ರೋಲ್ ಡಬ್ಬಿಯಲ್ಲಿ ಸ್ಕ್ರೂ ಸಿಕ್ಕವು, ಆದರೆ ಎಲ್ಲ ಡಿವಿಡಿ ಡ್ರೈವಿಗೆ ಹಾಕುವ ಎಂ3 ಅಳತೆಯವು. ಈ ಡಿಸ್ಕಿನ ತೂತಿಗೆ 6-32 ಅಳತೆಯದು ಬೇಕು, ಅದರ ಥ್ರೆಡ್ಡೇ ಬೇರೆ. ಇದ್ದರೂ ಆ ಅಗಲದ ಗೂಡಿನಲ್ಲಿ ಅಂತರ ತುಂಬುವ ಬ್ರಾಕೆಟ್ ಇಲ್ಲದೆ ಎಟುಕುತ್ತಿರಲಿಲ್ಲ.

ಎದುರಿನ ಪಂಕ್ಚರ್ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬ್ ತಂದೆ. ಉದ್ದಕ್ಕೆ ಸೀಳಿದರೆ ಒಳಗೆಲ್ಲ ಬಿಳಿ ಪುಡಿ. ಸೋಪು ಹಾಕಿ ತೊಳೆದು, ಒರೆಸಿ, ಬಿಸಿಲಿಗೆ ಹಾಕಿದೆ. ಆ ಪುಡಿ ಕ್ಯಾಬಿನೆಟ್ ಒಳಗೆ ಹೋಗಲೇಬಾರದು, ಅಲ್ವಾ? ಎರಡು ಬೆರಳಗಲದ ಪಟ್ಟಿಗಳನ್ನು ಗೂಡಿನ ಈ ಬದಿಯ ಸೀಳಿನಿಂದ ಆ ಬದಿಗೆ ಎಳೆದು, ಡಿಸ್ಕಿನ ಮೇಲೊಂದು ಕೆಳಗೊಂದು ಬರುವಂತೆ ಮುಂದೆ, ಹಿಂದೆ ಗಂಟು ಹಾಕಿದೆ. ತೊಟ್ಟಿಲಲ್ಲಿ ಮಗು ಮಲಗಿಸಿದ ಹಾಗೆ ಡಿಸ್ಕ್ ನಡುವೆ ನಿಂತಿತು, ತಗಡಿಗೆ ಎಲ್ಲೂ ತಾಗಲಿಲ್ಲ. ಮುಚ್ಚಬೇಡಿ ಎಂದು ಲೇಬಲ್ ಮೇಲೆ ಬರೆದಿರುವ ಸಣ್ಣ ಗಾಳಿತೂತಿನ ಮೇಲೆ ರಬ್ಬರ್ ಬರದಂತೆ ಸರಿಸಿದೆ. ಡಿಸ್ಕಿನಿಂದ ಡೇಟಾ ಒಯ್ಯುವ ಸಾಟಾ ಕೇಬಲ್ ಸಡಿಲವಾಗಿ ಬಿಟ್ಟೆ. ಅದು ಬಿಗಿಯಾಗಿ ಎಳೆದರೆ ಕೇಬಲ್ ಸಿಕ್ಕಿಸುವ ಪ್ಲಾಸ್ಟಿಕ್ ನಾಲಿಗೆ ಮುರಿಯಬಹುದು.

ಆನ್ ಮಾಡಿದಾಗ ಗುಂಯ್ ಇರಲಿಲ್ಲ. ಆದರೆ ಲೋಹಕ್ಕೆ ತಾಗದ ಡಿಸ್ಕಿನ ಬಿಸಿ ತಗಡಿಗೆ ಇಳಿಯುವುದಿಲ್ಲ. ಅದಕ್ಕೇ ಮುಂದೊಂದು ಫ್ಯಾನ್ ಕೂರಿಸಿ, ಸಂಜೆವರೆಗೂ ಟೆಂಪರೇಚರ್ ನೋಡುತ್ತಾ ಕೂತೆ. 45 ಡಿಗ್ರಿ ದಾಟಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದಾಗ ಬ್ರಾಕೆಟ್ ತರುತ್ತೇನೆ, ಅಲ್ಲಿವರೆಗೆ ಕ್ಯಾಬಿನೆಟ್ ಅಲುಗಿಸಬೇಡಿ, ಕಾಪಿ ಮಾಡಿದ ಡಿಸ್ಕನ್ನು ಮನೆಯಲ್ಲೇ ಇಡಿ ಎಂದು ಭಾವನಿಗೆ ಹೇಳಿ ಹೊರಟೆ.