ಬೆಡ್‌ಶೀಟಿನ ಹೊಗೆ ವಾಸನೆ

ಬೆಳಗ್ಗೆ ಕಡುಬು ಬಡಿಸುವಾಗ ಗೆಸ್ಟ್ ಒಬ್ಬರು ಕೇಳಿದರು, "ಬೆಡ್‌ಶೀಟು ಸ್ವಲ್ಪ ಹೊಗೆ ವಾಸನೆ ಬರುತ್ತಲ್ವಾ?"

ಬರುತ್ತೆ. ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಜುಲೈ ಅಂದರೆ ಕೇಳಲೇಬೇಡಿ. ಹೊರಗೆ ಹಗ್ಗ ಕಟ್ಟುವ ಮಾತೇ ಇಲ್ಲ. ಡ್ರೈಯರ್ ನಂಬೋಣ ಅಂದರೆ ಕರೆಂಟ್ ಇರಬೇಕಲ್ಲ!

ಹಾಗಾಗಿ ಎಲ್ಲವೂ ಬಚ್ಚಲೊಲೆ ಮೇಲಿನ ಹಗ್ಗಕ್ಕೆ. ಹಂಡೆ ಕೆಳಗೆ ಅಡಿಕೆ ಸಿಪ್ಪೆ ಸಣ್ಣಗೆ ಉರಿಯುತ್ತಿರಬೇಕು, ಜಾಸ್ತಿ ಆದರೆ ಬಟ್ಟೆಗೆ ಮಸಿ. ಶೀಟಿನ ನಡು ಬೇಗ ಒಣಗುತ್ತದೆ. ಅಂಚಿನ ಹೊಲಿಗೆ ಮಾತ್ರ ಒಳಗೇ ತಣ್ಣಗೆ ಕೂತಿರುತ್ತದೆ. ಕೈಗೆ ಗೊತ್ತಾಗುವುದಿಲ್ಲ, ಕೆನ್ನೆಗೆ ಒತ್ತಿ ನೋಡಬೇಕು. ನಮ್ಮಮ್ಮ ತೊಟ್ಟಿಲ ಬಟ್ಟೆಯನ್ನು ಹೀಗೇ ನೋಡುತ್ತಿದ್ದರು.

ಕಂಪಿನ ಲಿಕ್ವಿಡ್ ಹಾಕಿ ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಮನಸ್ಸಿಲ್ಲ. ಮಳೆಗಾಲದಲ್ಲಿ ನಮ್ಮನೆಗೆ ಬಂದವರು ನಮ್ಮನೆ ಒಲೆಯ ವಾಸನೆಯಲ್ಲೇ ಮಲಗಲಿ ಅನ್ನಿಸುತ್ತದೆ. ಇಲ್ಲಿ ಹುಟ್ಟಿದ ನಾವೆಲ್ಲ ಹಾಗೇ ಮಲಗಿದವರು ಅಲ್ವಾ?

ಆ ಗೆಸ್ಟ್‌ಗೂ ಇದನ್ನೇ ಹೇಳಿದೆ. ತಿಂಡಿ ಬಿಟ್ಟು ಬಚ್ಚಲು ನೋಡಲು ಎದ್ದೇ ಬಿಟ್ಟರು!

ಸಂಜೆ ಶಿವಮೊಗ್ಗದಿಂದ ಇನ್ನೊಂದು ಕುಟುಂಬ ಬರುತ್ತಿದೆ. ಕಂಬಳಿಗಳು ಇನ್ನೂ ಹಸಿ.